ಎರವಲು ತಂದ ಲ್ಯಾಬು

ಸ್ಟರ್ಲಿಂಗ್ ಹೈಟ್ಸ್, ಮಿಶಿಗನ್
ಶುಕ್ರವಾರ, 11 ಏಪ್ರಿಲ್ 2025

ಸೌ. ಜಯದೇವಿಗೆ, ಇಷ್ಟು ದೂರದಿಂದ ನಿನ್ನ ಯಜಮಾನ ಗುರುಲಿಂಗಪ್ಪನ ಆಶೀರ್ವಾದ.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಹುಬ್ಬಳ್ಳಿಯಲ್ಲಿ ಶಾರದಾಳ ಮನೆ ಮೂರನೇ ಮಹಡಿ, ಲಿಫ್ಟು ದಿನಕ್ಕೆರಡು ಸಲ ಕೈಕೊಡುತ್ತದೆ ಎಂದು ಅಳಿಯ ಹೇಳಿದ. ಮಗಳ ಬಾಣಂತನಕ್ಕೆ ಹೋದವಳು ನೀನೇ ಮಲಗಿಬಿಟ್ಟರೆ ಅವಳಿಗೆ ಇಬ್ಬರ ಆರೈಕೆ ಗಂಟುಬೀಳುತ್ತದೆ. ಕೂಸು ಅಳುವುದು ಕಡಿಮೆಯಾಯಿತೇ? ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯಲ್ಲಿ ಅರ್ಧ ನಿನ್ನ ಹೊಟ್ಟೆಗೇ ಹೋಗಿರಬೇಕು, ನನಗೆ ತಿಳಿಯದೇ. ತಿನ್ನು, ಬೇಡವೆನ್ನುವುದಿಲ್ಲ, ಆದರೆ ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಬೇಡ. ನಾನು ಪರವಾಗಿಲ್ಲ. ಬಿ.ಪಿ. ಸ್ವಲ್ಪ ಏರಿದೆ. ಯಾಕೆ ಏರಿತು ಎಂಬುದನ್ನೇ ಬರೆಯಲು ಕೂತಿದ್ದೇನೆ.

ದಿನಾ ವಿಡಿಯೊದಲ್ಲಿ ಮುಖ ನೋಡುತ್ತೇವೆ, ಇದೇನು ಹೊಸ ಹುಚ್ಚು ಎಂದು ನಗಬೇಡ. ಆ ಫೋನು ಅಲ್ಲಿ ಶಾರದಾಳ ಕೈಯಲ್ಲಿರುತ್ತದೆ, ಇಲ್ಲಿ ಮೊಮ್ಮಗಳು ಶಿವಾನಿಯ ಕೈಯಲ್ಲಿ. ಸ್ಪೀಕರ್ ಹಾಕಿ ನಡುಮನೆಯಲ್ಲಿ ಮಾತಾಡುವ ಸಂಗತಿಯಲ್ಲ ಇದು. ಪಕ್ಕದ ಬಡಾವಣೆಯ ರಾಜಶೇಖರ ರವಿವಾರ ಊರಿಗೆ ಹೊರಟಿದ್ದಾನೆ. ಅದೇ, ಕಾರಿನ ಕಾರ್ಖಾನೆಯ ಇಂಜಿನಿಯರು, ನೀನು ಮಾಡಿದ ಶೇಂಗಾ ಹೋಳಿಗೆಯನ್ನು ಎಣಿಸದೆ ತಿಂದವನು. ಸಂಜೆ ಬಂದು ಕಾಗದ ಒಯ್ಯುತ್ತೇನೆ ಎಂದಿದ್ದಾನೆ. ಓದಿದ ಮೇಲೆ ಹರಿದು ಹಾಕು.

ನಮ್ಮ ಸೊಸೆ ಅಮೆರಿಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ ಎಂದು ನೀನು ಓಣಿಗೆಲ್ಲ ಹೇಳಿಕೊಂಡು ಬರುತ್ತೀ. ವಾಣಿಶ್ರೀಯ ಲ್ಯಾಬು ನೋಡಿದ್ದರೆ ದನಿ ಇಳಿಸುತ್ತಿದ್ದೆ. ಶಾಲೆ ಇಲ್ಲಿಂದ ಹನ್ನೆರಡು ಮೈಲಿ. ಮಕ್ಕಳ ತಂದೆತಾಯಿ ಬಿಡಿಭಾಗದ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರು. ಮೂವತ್ತೊಂದು ಮಕ್ಕಳಿಗೆ ಎರಡು ಮೈಕ್ರೋಸ್ಕೋಪು, ಅದರಲ್ಲೊಂದರ ಲೆನ್ಸಿಗೆ ಬೂಷ್ಟು ಹಿಡಿದಿದೆ. ತಕ್ಕಡಿಗಳು ಮೂರು, ಒಂದೇ ಕಲ್ಲಿಗೆ ಮೂರೂ ಬೇರೆ ಬೇರೆ ತೂಕ ಹೇಳುತ್ತವೆ. ವಿನೆಗರ್, ಬಲೂನು, ಅಡುಗೆ ಸೋಡಾ, ದಾರ ಎಲ್ಲವನ್ನೂ ವಾಣಿಶ್ರೀಯೇ ಮನೆಯ ಕಿರಾಣಿಯ ಜೊತೆ ಕೊಳ್ಳುತ್ತಾಳೆ. ಪ್ರತಿ ಶನಿವಾರ ಅವಳು ಪ್ರಾಜೆಕ್ಟು ಕ್ಲಾಸು ತೆಗೆದುಕೊಳ್ಳುವಾಗ ನಾನು ಮೂಲೆಯಲ್ಲಿ ಕೂತು ರಿಪೇರಿ ಮಾಡುತ್ತೇನೆ. ಗದಗಿನ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದ ಕೈ, ಸುಮ್ಮನಿದ್ದರೆ ತುರಿಸುತ್ತದೆ. ಶಾಲೆಯವರು ನನ್ನ ಫೋಟೊ ಹಚ್ಚಿ ಸ್ವಯಂಸೇವಕರ ಕಾರ್ಡು ಕೊಟ್ಟಿದ್ದಾರಲ್ಲ, ಅದನ್ನು ಕೊರಳಿಗೆ ಹಾಕಿಕೊಂಡರೆ ಮತ್ತೆ ನೌಕರಿಗೆ ಸೇರಿದ ಹಾಗಾಗುತ್ತದೆ. ಉಳಿದ ಆರು ದಿನ ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೋಗುವ ಕಾರು ನೋಡುವವನು.

ಶಾಲೆಯ ಹಿಂದೆ ಒಂದು ಸಣ್ಣ ಹೊಳೆ ಇದೆ. ಸಪ್ಟೆಂಬರಿನಿಂದ ಮಕ್ಕಳು ಅದರ ನೀರನ್ನು ಅಳೆಯುತ್ತಿದ್ದಾರೆ. ಅಳೆಯುವುದು ವಿಜ್ಞಾನ, ಬಂದ ಅಂಕಿಗಳಿಂದ ಗ್ರಾಫ್ ಎಳೆದು ಮುಂದಿನ ತಿಂಗಳು ಏನಾಗಬಹುದು ಎಂದು ಹೇಳುವುದು ಗಣಿತ. ಇರುವುದು ಒಂದೇ ಒಳ್ಳೆಯ ಥರ್ಮಾಮೀಟರು. ಕಿಯಾನಾ ಎಂಬ ಹುಡುಗಿ ಹಿಮ ಬಿದ್ದಾಗಲೂ ಶಾಲೆಯ ಒಂದು ದಿನ ತಪ್ಪಿಸದೆ ದಂಡೆಗಿಳಿದು ಅಳೆದು ಬಂದಿದ್ದಾಳೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಗ್ರಾಫ್ ಎಳೆದು, ಟೇಪು ಹಚ್ಚಿ ಹಚ್ಚಿ, ಗೋಡೆಯುದ್ದಕ್ಕೂ ಅಂಟಿಸಿದ್ದಳು. ನೀರಿನ ಆಮ್ಲಜನಕ ಅಳೆಯುವ ಉಪಕರಣ, ನೆಟ್ಟಗಿನ ಮೈಕ್ರೋಸ್ಕೋಪು, ತಕ್ಕಡಿ ಇದ್ದಿದ್ದರೆ ಕೆಲಸ ಮುಂದೆ ಹೋಗುತ್ತಿತ್ತು. ಶಾಲೆಯ ಹತ್ತಿರ ಹಣವಿಲ್ಲ. ಅದಕ್ಕೆ ವಾಣಿಶ್ರೀ ಒಂದು ಫೌಂಡೇಶನ್ನಿಗೆ ಅಪ್ಲೈ ಮಾಡಿದಳು. ಐದು ವಾರ ಊಟದ ಮೇಜಿನ ಮೇಲೆ ಕೂತು, ಏನಿದೆ ಏನಿಲ್ಲ ಎಂದು ಒಂದೊಂದೇ ಬರೆದಳು. ಕೊಡುವ ಮೊದಲು ಕಣ್ಣಾರೆ ನೋಡುತ್ತೇವೆ, ಮಾರ್ಚ್ ಮೂರರ ಸೋಮವಾರ ಇಬ್ಬರು ಬರುತ್ತಾರೆ ಎಂದು ಅವರಿಂದ ಪತ್ರ ಬಂತು. ಈ ಹಣ ಬರದಿದ್ದರೆ ಮುಂದಿನ ವರ್ಷ ಆ ಪ್ರಾಜೆಕ್ಟು ಕ್ಲಾಸೇ ಇರುವುದಿಲ್ಲ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು.

ನೋಡಲು ಬರುತ್ತಾರೆ ಎಂದರೆ ನನ್ನ ತಲೆಯಲ್ಲಿ ಬಂದದ್ದು ಒಂದೇ, ಇನ್‌ಸ್ಪೆಕ್ಷನ್. ನೆನಪಿದೆಯಲ್ಲ ನಿನಗೆ. ಕಾಲೇಜಿಗೆ ಕಮಿಟಿ ಬರುವ ಹಿಂದಿನ ದಿನ ನಾನು ಟೆಂಪೊ ಮಾಡಿಕೊಂಡು ಹುಬ್ಬಳ್ಳಿಗೆ ಹೋಗಿ, ಅಲ್ಲಿಯ ಕಾಲೇಜಿನಿಂದ ಮೈಕ್ರೋಸ್ಕೋಪು, ಗ್ಯಾಲ್ವನೋಮೀಟರು ಎಲ್ಲ ಎರವಲು ತರುತ್ತಿದ್ದೆ. ಒಡೆಯದಿರಲಿ ಎಂದು ನಿನ್ನ ಹಳೆಯ ಸೀರೆಗಳಲ್ಲಿ ಸುತ್ತುತ್ತಿದ್ದೆವು. ಒಂದು ಸಲ ಇಳಕಲ್ ಸೀರೆಗೆ ಆಸಿಡ್ ತಾಗಿ ತೂತು ಬಿದ್ದದ್ದಕ್ಕೆ ನೀನು ವಾರಗಟ್ಟಲೆ ಮಾತು ಬಿಟ್ಟಿದ್ದೆ. ಕಮಿಟಿಯವರು ತುಂಬಿದ ಕಪಾಟು ನೋಡಿ, ನೀನು ಮಾಡಿ ಕಳಿಸಿದ ಶಿರಾ ಉಪ್ಪಿಟ್ಟು ತಿಂದು, ಸಹಿ ಹಾಕಿ ಹೋಗುತ್ತಿದ್ದರು. ಮಾರನೇ ದಿನ ಸಾಮಾನು ಹುಬ್ಬಳ್ಳಿಗೆ ವಾಪಸ್ಸು. ಅವರ ಇನ್‌ಸ್ಪೆಕ್ಷನ್ನಿಗೆ ನಮ್ಮ ಸಾಮಾನು ಅಲ್ಲಿಗೆ. ಇದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ, ಕಾಲೇಜಿನ ಮಾನ ಎನ್ನುತ್ತಿದ್ದರು. ಕಪಾಟು ಖಾಲಿ ಕಂಡರೆ ಮಂಜೂರಾತಿ ಹೋಗುತ್ತಿತ್ತು, ತುಂಬಿ ಕಂಡರೆ ಉಳಿಯುತ್ತಿತ್ತು. ಖಾಲಿ ಕಪಾಟನ್ನು ನೋಡಲೆಂದೇ ಯಾರಾದರೂ ಬರುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ ಜಯಾ.

ಅವರು ಬರುವ ಸೋಮವಾರಕ್ಕೆ ಮುಂಚಿನ ಶುಕ್ರವಾರ ಸಂಜೆ ಮಗ ಕಲ್ಮೇಶ, ಸೊಸೆ, ಶಿವಾನಿ ಮೂವರೂ ಕಾರಿನಲ್ಲಿ ಐದು ತಾಸು ದೂರದ ಓಕ್ ಬ್ರೂಕ್‌ಗೆ ಹೋದರು, ವಾಣಿಶ್ರೀಯ ತಮ್ಮನ ಗೃಹಪ್ರವೇಶ. ರವಿವಾರ ರಾತ್ರಿ ಬರುವವರಿದ್ದರು. ನಾನು ರಾಜಶೇಖರನನ್ನು ಹಿಡಿದೆ. ಅವನೂ ನಮ್ಮ ಕಡೆಯ ಕಾಲೇಜಿನಲ್ಲಿ ಓದಿದವನು, ಹೇಳುವ ಮೊದಲೇ ಅರ್ಥ ಮಾಡಿಕೊಂಡ. ಶನಿವಾರ ಬೆಳಗಿನಿಂದ ಕನ್ನಡದವರ ಮನೆ ಮನೆ ತಿರುಗಿದೆವು. ಇಲ್ಲಿಯ ಮಕ್ಕಳ ಕೋಣೆಗಳಲ್ಲಿ ಹುಟ್ಟುಹಬ್ಬಕ್ಕೆ ಬಂದು ಡಬ್ಬಿಯಿಂದ ಹೊರಬರದ ಮೈಕ್ರೋಸ್ಕೋಪು ಎಷ್ಟಿವೆ ಎಂದರೆ ನೀನು ನಂಬುವುದಿಲ್ಲ. ಶಿವಾನಿಯದೂ ತೆಗೆದುಕೊಂಡೆ. ಆನ್ ಆರ್ಬರ್‌ನ ಡಾಕ್ಟರೊಬ್ಬರು ಎರಡು ಒಳ್ಳೆಯ ತಕ್ಕಡಿ ಕೊಟ್ಟರು. ಎಲ್ಲ ಸೇರಿ ಹದಿನಾಲ್ಕು ಮೈಕ್ರೋಸ್ಕೋಪು, ಒಂದು ಟೆಲಿಸ್ಕೋಪು. ಶನಿವಾರ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಇರುವುದರಿಂದ ಬಾಗಿಲು ತೆರೆದಿರುತ್ತದೆ, ನನ್ನ ಕೊರಳಿನ ಕಾರ್ಡು ನೋಡಿ ಕಾವಲಿನವನು ನಕ್ಕು ಒಳಗೆ ಬಿಟ್ಟ. ಲ್ಯಾಬು ಗುಡಿಸಿ, ಒರೆಸಿ, ಎಲ್ಲ ಸಾಲಾಗಿ ಜೋಡಿಸಿದೆವು. ಕೆಟ್ಟ ತಕ್ಕಡಿಗಳನ್ನು ಕೆಳಗಿನ ಕಪಾಟಿಗೆ ತಳ್ಳಿದೆವು. ಗೋಡೆಯ ಮೇಲಿನ ಆ ಟೇಪು ಹಚ್ಚಿದ ಹಾಳೆಗಳು ಹರಕು ಮುರುಕಾಗಿ ಕಂಡವು. ಅವನ್ನು ನಾನೇ ಬಿಡಿಸಿ, ಸುರುಳಿ ಸುತ್ತಿ ಒಳಗಿಟ್ಟೆ. ವಾಣಿಶ್ರೀಗೆ ಫೋನ್ ಮಾಡಲಿಲ್ಲ. ಬಂದು ನೋಡಿ ಖುಷಿಪಡಲಿ ಎಂದುಕೊಂಡೆ.

ರವಿವಾರ ಅವರು ಬರುವ ದಾರಿಯಲ್ಲಿ ಕಲಮಜೂ ಊರಿನ ಹತ್ತಿರ ಹಿಮ ಸುರಿದು ರಸ್ತೆ ಕಟ್ಟಿತು. ಅವರು ದಾರಿಯ ಮೋಟೆಲ್‌ನಲ್ಲಿ ಉಳಿದು ನಸುಕಿನಲ್ಲೇ ಹೊರಟರೂ ವಾಣಿಶ್ರೀ ಶಾಲೆ ಮುಟ್ಟುವಾಗ ಒಂಬತ್ತೂವರೆ. ಬರುವವರು ಒಂಬತ್ತಕ್ಕೇ ಬಂದಾಗಿತ್ತು, ಆಫೀಸಿನ ಹೆಣ್ಣುಮಗಳೊಬ್ಬಳು ಅವರನ್ನು ಲ್ಯಾಬಿಗೆ ತಂದು ಬಿಟ್ಟು ಹೋಗಿದ್ದಳು. ಮಕ್ಕಳು ಬೇರೆ ಕ್ಲಾಸಿನಲ್ಲಿದ್ದರು, ಅಲ್ಲಿ ಇದ್ದವನು ನಾನೊಬ್ಬನೇ, ರಾಜಶೇಖರ ನನ್ನನ್ನು ಇಳಿಸಿ ಡ್ಯೂಟಿಗೆ ಹೋಗಿದ್ದ. ಬಂದವರಲ್ಲಿ ಒಬ್ಬರು ಬಿಳಿಗೂದಲಿನ ಹೆಂಗಸು, ಇನ್ನೊಬ್ಬ ತರುಣ. ಆಕೆ ಸಾಲಿನುದ್ದಕ್ಕೂ ನೋಡುತ್ತ ಬಂದು, ಇದೆಲ್ಲ ಈ ಶಾಲೆಯದೇನಾ ಎಂದು ಕೇಳಿದರು. ನಾನು ಎದೆ ಮುಂದೆ ಮಾಡಿ, "ಎಸ್ ಮೇಡಂ, ಆಲ್ ಅವರ್ಸ್" ಅಂದೆ. ಅದೇ ಹೊತ್ತಿಗೆ ವಾಣಿಶ್ರೀ ಬಾಗಿಲಲ್ಲಿ ಬಂದು ನಿಂತಿದ್ದಳು, ಕೋಟಿನ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ಅವಳು ಮೈಕ್ರೋಸ್ಕೋಪುಗಳನ್ನು ನೋಡಿದಳು, ಬೋಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. ಇವು ನಮ್ಮವಲ್ಲ ಎಂದು ಅವಳು ಹೇಳಿದ್ದರೆ ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು. ಆದರೆ ಪರರ ಎದುರು ಮಾವನನ್ನು ಸುಳ್ಳುಗಾರನನ್ನಾಗಿ ಮಾಡಬೇಕಿತ್ತು. ಅವಳು ಮಾಡಲಿಲ್ಲ. ಹೊರಡುವಾಗ ಆ ಹೆಂಗಸು, ಹೊಳೆಯ ಗ್ರಾಫ್ ಒಂದಿದೆ ಎಂದು ಓದಿದ್ದೆವು, ಎಲ್ಲಿ ಎಂದರು. ನಾನು ಬಗ್ಗಿ ಕಪಾಟಿನಿಂದ ಸುರುಳಿ ಎಳೆಯುವಷ್ಟರಲ್ಲಿ ಅವರು ಗಡಿಯಾರ ನೋಡಿಕೊಂಡು ಕೋಟು ಹಾಕಿಕೊಂಡಿದ್ದರು.

ಹತ್ತು ದಿನಕ್ಕೆ ಪತ್ರ ಬಂತು, ಶಾಲೆಗೂ ಒಂದು ಪ್ರತಿ. ಅರ್ಜಿಯಲ್ಲಿ ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗುವುದಿಲ್ಲ, ವಾರದೊಳಗೆ ವಿವರಣೆ ಕೊಡಿ ಎಂದು. ಕಲ್ಮೇಶ ನನಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದ, ಮಗನ ಮುಖ ನೋಡಲು ನನಗಾಗಲಿಲ್ಲ. ನನ್ನ ಹೆಸರು ಹಾಕಿ ಬರೆದುಬಿಡು, ಮುದುಕನಿಗೆ ತಿಳಿಯಲಿಲ್ಲ ಎಂದು ಹೇಳು ಎಂದು ನಾನು ವಾಣಿಶ್ರೀಗೆ ಹೇಳಿದೆ. ಅವಳು, "ನಾ ಬರೀತೀನಿ ಬಿಡ್ರಿ ಮಾವಾರ. ಊಟಕ್ಕ ಬರ್ರಿ, ರೊಟ್ಟಿ ಆರಾಕತ್ತಾವು" ಅಂದಳು. ಏನು ಬರೆದಳೋ, ಅವರು ನಂಬಲಿಲ್ಲ. ಕಳೆದ ವಾರ ಎರಡನೆಯ ಪತ್ರ ಬಂತು. ಹಣ ಇಲ್ಲ. ಈ ಶಿಕ್ಷಕಿ ಮೂರು ವರ್ಷ ಅರ್ಜಿ ಹಾಕುವಂತಿಲ್ಲ. ಅವಳ ಸರ್ವಿಸ್ ಫೈಲಿನಲ್ಲೂ ಒಂದು ಎಚ್ಚರಿಕೆ ಸೇರಿದೆಯಂತೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲನೆಯದು.

ಅವಳು ಒಂದು ಮಾತು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು. ಬೈಯುವುದಿಲ್ಲ. ಎಲ್ಲ ಸಾಮಾನುಗಳನ್ನೂ ಅವಳೇ ಡ್ರೈವ್ ಮಾಡಿ ಮನೆ ಮನೆಗೆ ಮುಟ್ಟಿಸಿ ಬಂದಳು, ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳಂತೆ. ನಾನು ಗ್ರಾಫನ್ನು ಮತ್ತೆ ಗೋಡೆಗೆ ಹಚ್ಚಲು ಹೋದೆ, ಜನವರಿ ಮತ್ತು ಫೆಬ್ರವರಿಯ ನಡುವೆ ಹರಿಯಿತು. ಕಿಯಾನಾ ನನ್ನ ಕೈಯಿಂದ ತೆಗೆದುಕೊಂಡು, ತಾನೇ ಟೇಪು ಹಚ್ಚಿ, "ಇಟ್ಸ್ ಓಕೆ, ಮಿಸ್ಟರ್ ಜಿ" ಅಂದಳು. ಕ್ಲಾಸು ಜೂನಿಗೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತು. ಆದರೂ ಇಳಿದು ಅಳೆಯುತ್ತಾಳೆ, ನಿಲ್ಲಿಸು ಎಂದು ಯಾರೂ ಹೇಳಿಲ್ಲವಲ್ಲ. ಸಮಾಧಾನದ ಸುದ್ದಿ ಎಂದರೆ ಇಷ್ಟೇ, ನನ್ನ ಕಾರ್ಡು ಹೋಗಲಿಲ್ಲ. ಪ್ರಿನ್ಸಿಪಾಲರು ಕರೆದಾಗ ಕಿತ್ತುಕೊಳ್ಳಲೆಂದೇ ಎಂದು ಹೆದರಿ ಹೋದೆ. ಅವರು ಕೈಕುಲುಕಿ, ಮುಂದಿನ ವರ್ಷದ ಜೂನ್‌ವರೆಗೆ ಹೊಸದು ಮಾಡಿ ಕೊಟ್ಟರು. ದೊಡ್ಡ ಮನಸ್ಸಿನ ಮನುಷ್ಯ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಸೋಮವಾರ ರಾಜಶೇಖರನ ಮನೆಗೆ ಹೋಗಿ, ಯಾರಿಗೂ ಹೇಳದೆ, ಫೌಂಡೇಶನ್ನಿಗೆ ಇಮೇಲ್ ಬರೆಸಿದೆ. ಸೊಸೆ ಊರಲ್ಲಿರಲಿಲ್ಲ, ತಂದವನು ನಾನು, ಜೋಡಿಸಿದವನು ನಾನು, ನಮ್ಮದೇ ಎಂದು ಸುಳ್ಳು ಹೇಳಿದವನೂ ನಾನು, ಅವಳ ಅರ್ಜಿಯ ಒಂದೊಂದು ಅಕ್ಷರವೂ ನಿಜ ಎಂದು. ಹಣ ಕೊಡುತ್ತಾರೆಂಬ ಆಸೆ ನನಗಿಲ್ಲ. ಆ ಮೂರು ವರ್ಷ ತೆಗೆದರೆ ಸಾಕು, ಅವಳ ಹೆಸರು ತೊಳೆದರೆ ಸಾಕು. ದಿನಾ ಉತ್ತರಕ್ಕೆ ಕಾಯುತ್ತಿದ್ದೇನೆ.

ಕೂಸಿಗೆ ಅಜ್ಜನ ಮುತ್ತು. ಶಾರದಾಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ಹೇಳು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ಇಂತಿ ನಿನ್ನ,
ಗುರುಲಿಂಗಪ್ಪ

ತಾ.ಕ.: ರಾಜಶೇಖರ ಬಂದು ನಿಂತಿದ್ದಾನೆ, ಕಾರು ಆಫ್ ಮಾಡಿಲ್ಲ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನ ಉತ್ತರ ಬಂದಿದೆ. ಬಾಗಿಲಲ್ಲೇ ನಿಂತು ಓದಿ ಹೇಳಿದ. ಮನೆಯ ಹಿರಿಯರು ಹೀಗೆ ತಮ್ಮ ಮೇಲೆ ಹಾಕಿಕೊಳ್ಳುವುದು ಸಹಜ, ಆದರೆ ನಾವು ಶಿಕ್ಷಕಿ ಸಹಿ ಮಾಡಿ ಕೊಟ್ಟ ಮಾತನ್ನೇ ಹಿಡಿಯಬೇಕಾಗುತ್ತದೆ ಎಂದು ಬರೆದಿದ್ದಾರೆ. ಅವಳ ಆ ವಿವರಣೆಯನ್ನೂ ಜೊತೆಗೆ ಕಳಿಸಿದ್ದಾರೆ. ಸಾಮಾನು ತರಿಸಿದವಳು ನಾನೇ, ಹಾಗೆ ಹೇಳಿ ಎಂದು ಮಾವನವರಿಗೆ ಹೇಳಿಕೊಟ್ಟವಳೂ ನಾನೇ, ಅವರದೇನೂ ತಪ್ಪಿಲ್ಲ, ಶನಿವಾರದ ಈ ಲ್ಯಾಬು ಬಿಟ್ಟರೆ ಅವರಿಗೆ ಇಲ್ಲಿ ಬೇರೇನೂ ಇಲ್ಲ, ದಯವಿಟ್ಟು ಅವರ ಕಾರ್ಡು ತೆಗೆಯಬೇಡಿ ಎಂದು ಬರೆದು ಶಾಲೆಗೂ ಕೊಟ್ಟಿದ್ದಾಳೆ. ಜಯಾ, ಫೋನಿನಲ್ಲಿ ಅವಳಿಗೆ ಏನೂ ಹೇಳಬೇಡ. ನಾಳೆ ಶನಿವಾರ. ಎಂಟು ಗಂಟೆಗೆ ಅವಳು ಕಾರಿನ ಕೀಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತು, ಯಾವಾಗಲೂ ಕೇಳುವ ಹಾಗೆ, "ಮಾವಾರ, ಕಾರ್ಡ್ ಹಾಕ್ಕೊಂಡ್ರಿ?" ಎಂದು ಕೇಳುತ್ತಾಳೆ. ಏನು ಹೇಳಬೇಕೆಂದು ನೀನಿದ್ದಿದ್ದರೆ ಹೇಳಿಕೊಡುತ್ತಿದ್ದೆ.