ಉಣ್ಣುವಾಗ ತೆರೆದ ಕದ

ಕಾರ್ಕ್ ಸೀಮೆ, ನವೆಂಬರ್ 1938

ಅವ್ವಾ,

ಈ ಹಳ್ಳಿಯ ಶಾಲೆಗೆ ಬಂದು ವಾರವಾಯಿತು. ಮೊನ್ನೆ ಊಟದ ಹೊತ್ತಿಗೆ ಕಡಲ ಗಾಳಿ ಕೊರೆಯುತ್ತಿತ್ತೆಂದು ಎದ್ದು ಕದ ಮುಚ್ಚಿದೆ. ನಾನು ಇಳಿದುಕೊಂಡಿರುವ ಮನೆಯ ಒಡತಿ ಗೋಬ್ನೆಟ್ ಅಜ್ಜಿ, ಎಂಬತ್ತರ ಮುದುಕಿ, ತಟ್ಟೆ ಬಿಟ್ಟು ಓಡಿಬಂದಳು.

“ತೆಗೀ ಟೀಚರಮ್ಮಾ! ನಿನ್ನ ಡಬ್ಲಿನ್ ದೊರೆಸಾನಿತನ ಇಲ್ಲಿ ಬೇಡ. ಈ ಮನೇಲಿ ಕದ ಹಾಕ್ಕೊಂಡು ಯಾರೂ ಉಣ್ಣಲ್ಲ.”

“ಚಳಿ ಅಜ್ಜೀ.”

“ಚಳಿಗೆ ಸಾಯಲ್ಲ ಬಿಡು. ಹಸಿವಿನ ವರ್ಷ ನಮ್ಮವ್ವ ಒಂದು ಹಿಡಿ ಹಿಟ್ಟು ಬೇಯಿಸ್ಕೊಂಡು ಅಗುಳಿ ಹಾಕಿದ್ಲು. ಪಕ್ಕದ ಮನೆ ಹುಡುಗಿ ಹೊನೊರಾ ಕದ ಬಡೀತಾನೇ ಇದ್ಲಂತೆ. ಬೆಳಿಗ್ಗೆ ತೆಗೆದ್ರೆ ಹೊಸ್ತಿಲ ಮೇಲೆ ಸತ್ತು ಬಿದ್ದಿದ್ಲು, ಬಾಯ್ತುಂಬ ಹುಲ್ಲು. ಆ ಹಿಟ್ಟಿಂದ್ಲೇ ಅವ್ವ ಉಳಿದ್ಲು, ಆಮೇಲೆ ನಾನು ಹುಟ್ಟಿದೆ.”

ತೊಂಬತ್ತು ವರ್ಷದ ಹಿಂದೆ ಆಲೂಗೆಡ್ಡೆಗೆ ರೋಗ ಬಂದದ್ದಕ್ಕೇ ಜನ ಸತ್ತರಂತೆ. ಸುಳ್ಳು! ಅದೇ ವರ್ಷ ಇವರೇ ಬೆಳೆದ ಓಟ್ಸ್ ಗೇಣಿಯ ಹೆಸರಲ್ಲಿ, ಸಿಪಾಯಿಗಳ ಕಾವಲಲ್ಲಿ ಹಡಗು ಹತ್ತಿತು. ಹೊತ್ತೊಯ್ದ ಧಣಿಗಳಿಗೆ ನಾಚಿಕೆಯಾಗಲಿಲ್ಲ. ಆ ನಾಚಿಕೆಯೆಲ್ಲ ಈ ಮುದುಕಿಯ ಪಾಲಿಗೆ ಬಂತು.

ಗಾಳಿಗೆ ಕೆಮ್ಮು ಹಿಡಿದಿದೆ, ಉಣ್ಣೆಯ ಶಾಲು ಕಳಿಸು. ಇವತ್ತು ಊಟಕ್ಕೆ ನಾನೇ ಹೋಗಿ ಕದ ತೆರೆದೆ. ಅಜ್ಜಿ ತನ್ನ ತಟ್ಟೆಯ ಮೊದಲ ಗೆಡ್ಡೆಯನ್ನು ಹೊಸ್ತಿಲ ಮೇಲಿಟ್ಟು, ಆಮೇಲೆ ಉಂಡಳು.

ಅಂಚೆಯವನು ಕಾಯುತ್ತಿದ್ದಾನೆ.

ನಿನ್ನ ಊನಾ