ಅಕ್ಕನಿಗೆ ಒಂದೇ ದಿನದ ಕರೆಂಟು

ಮಂಗಳವಾರ, ಹದಿನೇಳು. ಬರೆಯಲು ಕೈ ಏಳುತ್ತಿಲ್ಲ, ಫೋನಿಗೇ ಹೇಳಿಬಿಡುತ್ತೇನೆ. ಇವತ್ತು ಅಕ್ಕನಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟೆ. ನಾನೇ ಮಲಗಿಸಿ, ನಾನೇ ಗುಂಡಿ ಒತ್ತಿದೆ.

ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಐದು ವಾರ ಕೊಡಬೇಕು. ಆದರೆ ಇಡೀ ಸೀಮೆಗೆ ಇರುವುದು ನಮ್ಮ ಆಸ್ಪತ್ರೆಯದೊಂದೇ ಯಂತ್ರ. ಅದಕ್ಕೇ ಮಾರ್ಗಸೂಚಿ ಹೇಳುತ್ತದೆ: ಉಳಿಯುವವರಿಗೆ ಐದು ವಾರ, ಕೈಮೀರಿದವರಿಗೆ ನೋವು ತಗ್ಗಲೆಂದು ಒಂದೇ ದಿನ. ಸರಿಯಾಗಿಯೇ ಇದೆ, ದರಿದ್ರದ್ದು. ಅಕ್ಕನದು ಕೈಮೀರಿದೆ. ಅವಳಿಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ.

ಮಂಚದಿಂದ ಇಳಿದವಳೇ, "ಅಷ್ಟೇನಾ? ಮುಗೀತಾ?" ಅಂದಳು.

"ಮುಗೀತಕ್ಕಾ. ಇನ್ನು ಬರೋದು ಬೇಡ."

"ನೋಡು, ಎಲ್ಲಾ ಸೇರಿ ಸುಮ್ನೆ ಹೆದರಿಸಿಬಿಟ್ರಿ! ನಿಮ್ಮ ಭಾವಂಗೆ ಆಗ್ಲೇ ಹೇಳಿದ್ದೆ, ನಂದು ಸಣ್ಣ ಕಾಯಿಲೆ ಅಂತ."

ಹೊರಗೆ ಬೆಂಚಿನ ಮೇಲೆ ಒಬ್ಬ ಹುಡುಗಿ, ಐದು ವಾರ ಕರೆಂಟು ತಗೋಬೇಕಂತೆ ಎಂದು ಅಳುತ್ತಾ ಕೂತಿದ್ದಳು. ಅಕ್ಕ ಅವಳ ತಲೆ ಸವರಿ, "ಪಾಪ, ನಿಂಗೆ ದೊಡ್ಡದೇ ಬಂದಿದೆ. ಅಳಬೇಡ ಮಗಳೇ, ನನ್ನ ಆಯಸ್ಸೂ ನಿಂಗೇ ಇರ್ಲಿ" ಅಂದಳು.

ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಸರ್, ನಂಗೂ ಒಂದೇ ದಿನಕ್ಕೆ ಮುಗಿಸಿಬಿಡಿ."

"ಮಾಡ್ಕೊಡೋ, ಪುಣ್ಯ ಬರುತ್ತೆ," ಅಂತ ಅಕ್ಕನ ಶಿಫಾರಸು ಬೇರೆ.

ನಾನು ನಕ್ಕೆ. ಇಬ್ಬರ ಮುಂದೆಯೂ ಹಲ್ಲು ಕಿರಿದು ನಿಂತಿದ್ದೆ, ಆಮೇಲೆ ಮುಂದಿನವರನ್ನ ಕರೆ ಅಂತ ನರ್ಸಿಗೆ ಹೇಳಿದೆ...