ಬನ್ನಿ ಹಬ್ಬದ ದಿನ ಹಾಕಿದ ಸಹಿ

ಡಿ. ಹಿರೇಹಾಳ್,
೧೪ ನವೆಂಬರ್ ೨೦೨೫, ಶುಕ್ರವಾರ

ಚಿರಂಜೀವಿ ತಮ್ಮ ಓಬುಲೇಶನಿಗೆ,

ನಿನ್ನ ಅಕ್ಕ ಗಂಗೋತ್ರಿ ಬರೆಯುವ ಕಾಗದ. ಆರೋಗ್ಯವೇ? ಕೆಮ್ಮು ಕಡಿಮೆಯಾಯಿತೇ? ವಿಜಯವಾಡದ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಆರಿಸಿ ಕುಡಿ ಎಂದು ಅವ್ವ ಹೇಳಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕೇಳಬೇಕಾದ್ದು ಕೇಳಿದ್ದಾಯಿತು, ಹೇಳಬೇಕಾದ್ದು ಹೇಳಿದ್ದಾಯಿತು. ಇನ್ನು ಮುಂದಿನದೆಲ್ಲ ಬೈಗುಳ, ಕೂತುಕೊಂಡು ಓದು. ಫೋನ್ ಮಾಡಿದರೆ "ಅಕ್ಕಾ, ಮೀಟಿಂಗ್‌ನಾಗ ಅದೀನಿ" ಎಂದು ಕತ್ತರಿಸುತ್ತೀಯ. ವಾಯ್ಸ್ ಮೆಸೇಜ್ ಕಳಿಸಿದರೆ ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತೀಯ. ಆ ಕಳ್ಳಬುದ್ಧಿ ಕಲಿಸಿದವಳು ನಾನೇ, ನನಗೆ ಗೊತ್ತಾಗುವುದಿಲ್ಲವೇ? ಅದಕ್ಕೇ ಮೂರು ದಿನ ಫೋನಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ, ರಾಯದುರ್ಗದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಚೆಗೆ ಹಾಕುತ್ತಿದ್ದೇನೆ. ಕಾಗದವನ್ನು ಓಡಿಸಲು ಆಗುವುದಿಲ್ಲ.

ನನ್ನ ಹಾಲ್‌ಟಿಕೆಟ್ ಬಂತು. ಕನ್ನಡ ಮಾಧ್ಯಮದ ಟೀಚರ್ ಪೋಸ್ಟಿನ ಪರೀಕ್ಷೆ ಇದೇ ಮೂವತ್ತಕ್ಕೆ, ಅನಂತಪುರದಲ್ಲಿ. ಸೋಮವಾರ ಅದೇ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿದೆ. ಅಂಗಡಿಯ ಬಸವರಾಜೇಶ್ವರಿ ಮೇಲಿಂದ ಓದುತ್ತ ಬಂದವಳು ಒಂದು ಕಡೆ ನಿಂತುಬಿಟ್ಟಳು. "ಅಕ್ಕಾರ, ಬರಿಯೋರು ಬೇಕಾ ಅನ್ನೋದ್ರಾಗ ಬ್ಯಾಡ ಅಂತ ಐತಲ್ರೀ" ಎಂದಳು. ಬೇಡವಂತೆ! ಪ್ರಶ್ನೆ ಓದಿ ಹೇಳಿ, ನಾನು ಹೇಳಿದ ಉತ್ತರವನ್ನು ಕನ್ನಡದಲ್ಲಿ ಬರೆಯುವವರೊಬ್ಬರು ನನಗೆ ಬೇಡವಂತೆ. ಹುಟ್ಟಿದಾಗಿನಿಂದ ಬೆಳಕನ್ನೇ ಕಾಣದ ನಿನ್ನ ಅಕ್ಕ ಮೂವತ್ತನೇ ತಾರೀಖು ತಾನೇ ಪ್ರಶ್ನೆಪತ್ರಿಕೆ ಓದಿ, ತಾನೇ ಪೆನ್ನು ಹಿಡಿದು ಬರೆಯುತ್ತಾಳಂತೆ. ಡಿ.ಎಡ್. ಮುಗಿಸಿ ಎಷ್ಟು ವರ್ಷವಾಯಿತು, ಕನ್ನಡ ಮಾಧ್ಯಮದ್ದು, ಅದರಲ್ಲೂ ನಮ್ಮಂಥವರಿಗೆಂದು ಮೀಸಲಿಟ್ಟದ್ದು ಒಂದು ಪೋಸ್ಟ್ ಬರಲಿ ಎಂದು ಎಷ್ಟು ಕಾದೆ, ನಿನಗೆ ಬೇರೆ ಹೇಳಬೇಕೇ? ಅಂಗಡಿಯಲ್ಲೇ ಕೂತು ಅತ್ತೆ. ಪಾಪ, ಆ ಹುಡುಗಿ ಗಿರಾಕಿಗಳನ್ನೆಲ್ಲ ನಿಲ್ಲಿಸಿ ಟೀ ತರಿಸಿಕೊಟ್ಟಳು.

ಹೇಗಾಯಿತು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನಿಮ್ಮ ಆಫೀಸು ಮಾಡಿದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದವಳು ನಾನೇ. ಯಾರನ್ನೂ ಕರೆಯಲಿಲ್ಲ. "ಅಕ್ಕಾ, ಕನ್ನಡ ಪುಟ ನಿನಗಂತನ ಮಾಡೀನಿ, ಯಾರ ಹಂಗೂ ಬ್ಯಾಡ, ನೀನೇ ಹಾಕ್ಕೋ" ಎಂದು ನೀನು ಹೇಳಿದ್ದೆಯಲ್ಲ, ಆ ಜಂಬಕ್ಕೆ. ನಮ್ಮ ಜಂಬಯ್ಯ ಮಾವನಂತೂ ಫೋನ್ ಹಿಡಿದುಕೊಂಡು ಊರಿಗೆಲ್ಲ ತೋರಿಸಿದ್ದ: "ನೋಡ್ರಿ, ನಮ್ಮ ಓಬುಲೇಶ ತೆಲುಗು ಸರ್ಕಾರದಾಗ ಕನ್ನಡ ತಂದಾನ!" ಹೆಸರು, ವಿಳಾಸ ಎಲ್ಲ ಆಧಾರ್ ನಂಬರ್ ಹಾಕಿದೊಡನೆ ತಾನೇ ಬಂತು. ಕೊನೆಯ ಪುಟಕ್ಕೆ ಬಂದರೆ, ಪರದೆಯ ಅಕ್ಷರಗಳನ್ನೆಲ್ಲ ಓದಿ ಹೇಳುವ ನನ್ನ ಫೋನು "ಚಿತ್ರ" ಅಂದಿತು. ಕೆಳಗೆ ಸರಿಸಿದೆ, ಮತ್ತೆ "ಚಿತ್ರ". ಮತ್ತೆ "ಚಿತ್ರ". ಯಾರದ್ದೋ ಮಂತ್ರಿಗಳ ಫೋಟೊ ಇರಬೇಕು, ಇವರಿಗೆ ಅದೊಂದು ಚಟ ಎಂದುಕೊಂಡೆ. ಆಮೇಲೆ "ಆಯ್ಕೆ ಬಟನ್", ಇನ್ನೊಂದು "ಆಯ್ಕೆ ಬಟನ್, ಗುರುತು ಹಾಕಿದೆ". ಯಾತರ ಆಯ್ಕೆ, ಯಾತರ ಗುರುತು, ಒಂದೂ ಹೇಳಲಿಲ್ಲ. ಅವ್ವನನ್ನು ಕೇಳೋಣವೆಂದರೆ ಅವಳಿಗೆ ಅಕ್ಷರ ಬಾರದು. ಸಮಯ ಮುಗಿಯುತ್ತಿದೆ ಎಂದು ಅದು ಬೇರೆ ಬಡಕೊಳ್ಳುತ್ತಿತ್ತು. ಹಾಕಿದ ಗುರುತು ಹಾಗೇ ಇರಲಿ ಎಂದು ಮುಂದೆ ಹೋದೆ.

ಮೊನ್ನೆ ಬಸವರಾಜೇಶ್ವರಿ ಆ ಪುಟ ತೆಗೆದು ನೋಡಿ ಹೇಳಿದಳು: ಮಂತ್ರಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಆ ಚಿತ್ರಗಳೇ ಪ್ರಶ್ನೆಗಳು, ಮೊದಲೇ ಗುರುತು ಬಿದ್ದಿದ್ದು ಬರೆಯುವವರು ಬೇಡ ಎನ್ನುವುದಕ್ಕೆ! ಆಗ ನೆನಪಾಯಿತು. ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡ ಒತ್ತಕ್ಷರ ಸೊಟ್ಟಸೊಟ್ಟಗೆ ಬರುತ್ತದೆ, ಅದಕ್ಕೆ ಬಳ್ಳಾರಿಯಲ್ಲಿ ಮದುವೆ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಯಿಂದ ಮಾಡಿಸಿ ಫೋಟೊ ತೆಗೆದು ಅಂಟಿಸಿದ್ದೇನೆ, ಮುತ್ತು ಪೋಣಿಸಿದಂಗ ಕಾಣ್ತದ ಎಂದು ನೀನೇ ಖುಷಿಯಿಂದ ಹೇಳಿದ್ದೆ. ನಾನೂ ಖುಷಿಪಟ್ಟಿದ್ದೆ, ಹುಚ್ಚಿ. ಫೋಟೊದೊಳಗಿನ ಅಕ್ಷರ ನನ್ನ ಫೋನಿಗೆ ಓದಲು ಬರುವುದಿಲ್ಲ ಎಂದು ನಿನಗೆ ಹೊಳೆಯಲಿಲ್ಲವೇನೋ? ಹತ್ತು ವರ್ಷ ಪಕ್ಕದಲ್ಲಿ ಕೂತು ನನ್ನ ಫೋನು ಮಾತಾಡುವುದನ್ನು ಕೇಳಿದವನಿಗೆ? ಇನ್ನೊಂದು ಕೇಳು, ಹೊಟ್ಟೆ ಉರಿಯುವುದು ಅದಕ್ಕೇ. ಅದೇ ಪುಟವನ್ನು ತೆಲುಗಿನಲ್ಲಿ ತೆರೆದು ನೋಡಿದೆ. ಗಿಳಿ ಓದಿದ ಹಾಗೆ ಓದಿತು. ಪ್ರಶ್ನೆ ಓದಿತು, ಹೌದು ಓದಿತು, ಇಲ್ಲ ಓದಿತು. ಸಂತೆಯಲ್ಲಿ ದಿನಾ ಆಡುವ ತೆಲುಗು ನನಗೇನು ಹೊಸದೇ? ತೆಲುಗಿನಲ್ಲೇ ಹಾಕಿದ್ದರೆ ಬದುಕುತ್ತಿದ್ದೆ. ತಮ್ಮ ನನಗೆಂದು ಮಾಡಿದ ಪುಟ ಎಂದು ಹೋಗಿ ಕೆಟ್ಟೆ.

ಬುಧವಾರ ನಿಮ್ಮ ಸಹಾಯವಾಣಿಗೆ ಫೋನ್ ಹಚ್ಚಿದೆ. ಮೊದಲು ಒಬ್ಬ "ಅದಿ ಮೀ ಪೊರಪಾಟು ಅಮ್ಮಾ" ಎಂದ, ನಿಮ್ಮದೇ ತಪ್ಪು ಎಂದು. ನಾನು ಬಿಡಲಿಲ್ಲ. ಕಣ್ಣಿಲ್ಲದವರು ಈ ಪುಟ ಹೇಗೆ ಓದಬೇಕು, ಯಾರಾದರೂ ಒಮ್ಮೆ ನೋಡಿದ್ದೀರಾ ಎಂದು ಜಗಳ ತೆಗೆದೆ. ಅವನು ಬಹಳ ಮರ್ಯಾದೆಯಿಂದ ಹೇಳಿದ, ಕಣ್ಣು ಕಾಣದ ಒಬ್ಬ ಮಹಿಳೆಯೇ ಪುಟವನ್ನು ಪರೀಕ್ಷೆ ಮಾಡಿದ್ದಾರೆ, ಯಾರ ಸಹಾಯವೂ ಇಲ್ಲದೆ ಪೂರ್ತಿ ಬಳಸಬಹುದು ಎಂದು ಸಹಿ ಹಾಕಿ ಕೊಟ್ಟಿದ್ದಾರೆ, ಫೈಲ್ ನನ್ನೆದುರಿಗೇ ಇದೆ ಎಂದು. ಯಾರಪ್ಪಾ ಆ ಮಹಾತಾಯಿ ಎಂದು ಕೇಳಿದೆ. "ಎಸ್. ಗಂಗೋತ್ರಿ, ಡಿ. ಹಿರೇಹಾಳ್" ಎಂದು ಓದಿದ.

ಓಬುಲೇಶಾ, ಓದಿದ್ದು ನನ್ನದೇ ಹೆಸರು. ಜಗಳದಲ್ಲಿ ಈ ಊರಿನಲ್ಲಿ ಯಾರಿಗೂ ಸೋಲದವಳು ಫೋನ್ ಇಟ್ಟುಬಿಟ್ಟೆ.

ವಿಜಯದಶಮಿಯ ಸಂಜೆ ನೀನು ಬನ್ನಿ ಹಿಡಿದು ಬಂದೆ. ಎಲೆಯನ್ನು ನನ್ನ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು ಅಕ್ಕಾ" ಎಂದು ಕಾಲಿಗೆ ಬಿದ್ದೆ. ಎದ್ದವನೇ ಒಂದು ಕಾಗದ ಇಟ್ಟೆ. "ಆಫೀಸಿಂದು, ಇಲ್ಲೊಂದು ಸಹಿ ಮಾಡು" ಎಂದು ನನ್ನ ಬೆರಳು ಹಿಡಿದು ಜಾಗ ತೋರಿಸಿದೆ. ಬನ್ನಿ ಕೊಟ್ಟವರಿಗೆ ಆ ದಿನ ಯಾರಾದರೂ ಇಲ್ಲ ಅನ್ನುತ್ತಾರೇನೋ? ವರ್ಷದ ಜಗಳ ಮರೆತು ಹಗೆಯವರ ಬನ್ನಿಯನ್ನೂ ತಗೊಳ್ಳುವ ದಿನ ಅದು. ಬ್ಯಾಂಕಿನವರ ಒಂದು ಚೀಟಿಯನ್ನೂ ಇಬ್ಬರಿಂದ ಓದಿಸದೆ ನಾನು ಸಹಿ ಹಾಕುವವಳಲ್ಲ. ನೀನು ಏಳನೇ ಕ್ಲಾಸಿನಲ್ಲಿದ್ದಾಗ "ಹೆಬ್ಬೆಟ್ಟು ಒತ್ತಬಾರ್ದು ಅಕ್ಕಾ" ಎಂದು ಕೈ ಹಿಡಿದು ಕಲಿಸಿದ ಸಹಿ ಅದು. ಏನು ಕಾಗದ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಆ ಪುಟ ಅವತ್ತಿಗೆ ತೆರೆದೇ ಇರಲಿಲ್ಲ! ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದ ಹಾಗೆ, ಇಲ್ಲದ ಪುಟ ಸರಿಯಾಗಿದೆ ಎಂದು ನನ್ನಿಂದ ಬರೆಸಿಕೊಂಡೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಮಾರ್ಚಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಪುಟ ಮುಗಿಸಲು ಸಾಹೇಬರು ತಾರೀಖು ಕೊಟ್ಟಿದ್ದರು, ಅಂಗವಿಕಲರ ಸಹಿ ಒಂದು ಬೇಕೆಂದರು, ಮನೆಯಲ್ಲೇ ಒಬ್ಬ ಕುರುಡಿ ಇದ್ದಾಳೆ. ಅಷ್ಟೇ ತಾನೇ? ಪುಟದ ನೆತ್ತಿಯ ಮೇಲೆ ಗಾಲಿಕುರ್ಚಿಯ ಗುರುತು ಬೇರೆ ಹಾಕಿದ್ದೀರಂತೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು. ಫೋಟೊ ಕಿತ್ತುಹಾಕಿ ಅಕ್ಷರ ಟೈಪ್ ಮಾಡುವುದು, ಒಂದೊಂದು ಬಟನ್‌ಗೂ ಅದರ ಹೆಸರು ಕೊಡುವುದು, ಎಷ್ಟು ದಿನದ ಕೆಲಸವೋ? ನನ್ನನ್ನು ಅರ್ಧ ತಾಸು ಕೂರಿಸಿಕೊಂಡು ಕೇಳಿದ್ದರೆ ಎಲ್ಲ ಹೇಳುತ್ತಿದ್ದೆ. ನಿಮಗೆ ನನ್ನ ಸಹಿ ಬೇಕಿತ್ತು, ನಾನು ಬೇಕಿರಲಿಲ್ಲ. ಮಡಕಶಿರದ ಕಡೆಯಿಂದ ನನ್ನಂಥವರು ಎಷ್ಟು ಜನ ಆ ಕನ್ನಡ ಪುಟದಲ್ಲಿ ಹಾಕಿ ಕೆಟ್ಟಿದ್ದಾರೋ, ಅವರೆಲ್ಲರಿಗೂ ಫೋನಿನಲ್ಲಿ ನನ್ನ ಹೆಸರನ್ನೇ ಓದಿ ಹೇಳುತ್ತಾರಲ್ಲ, ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ಅವ್ವ ಮಾತ್ರ ನಿನ್ನ ಪರವೇ. "ಹೋಗ್ಲಿ ಬಿಡವ್ವ, ಸಣ್ಣಾವ ಅದಾನ, ಗೊತ್ತಾಗ್ದ ಮಾಡ್ಯಾನ" ಎನ್ನುತ್ತಾಳೆ. ಮೂವತ್ತೊಂದು ವರ್ಷದ ಸಣ್ಣವನು!

ಕಾಗದ ಉದ್ದವಾಯಿತು, ಬಸ್ಸಿಗೆ ಹೊತ್ತಾಯಿತು. ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಜಂಬಯ್ಯ ಮಾವ ಆ ಕಡೆ ಬಂದಾಗ ಕೊಡುತ್ತಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟು ಬೈದರೂ ನೀನು ನನ್ನ ಬೆನ್ನಿಗೆ ಬಿದ್ದವನು, ನೂರು ವರ್ಷ ಚೆನ್ನಾಗಿ ಬಾಳು.

ಇಂತಿ,
ಸಿಟ್ಟು ಇಳಿಯದ ನಿನ್ನ ಅಕ್ಕ,
ಗಂಗೋತ್ರಿ

ತಾ.ಕ.: ಪ್ರಿಂಟ್ ತೆಗೆಸುವಾಗ ನಿಮ್ಮ ಆಫೀಸಿನ ಮೇಡಂ ಒಬ್ಬರ ಫೋನ್ ಬಂತು, ನಿನ್ನೆ ಮತ್ತೆ ದೂರು ಕೊಟ್ಟಿದ್ದೆ. ಅಭ್ಯರ್ಥಿಯ ತಪ್ಪಾದರೆ ಏನೂ ತಿದ್ದಲು ಬರುವುದಿಲ್ಲವಂತೆ. ಪುಟದ ತಪ್ಪು ಎಂದು ಅದನ್ನು ಮಾಡಿದವರೇ ಗುರುವಾರದೊಳಗೆ ಬರೆದುಕೊಟ್ಟರೆ ಮಾತ್ರ ನನಗೂ, ನನ್ನ ಹಾಗೆ ಕೆಟ್ಟವರಿಗೂ, ಬರೆಯುವವರನ್ನು ಕೊಡುತ್ತಾರಂತೆ. ನೋಡದೆ ಸುಳ್ಳು ಸಹಿ ಹಾಕಿದ್ದೇನೆ ಎಂದು ನನ್ನ ಕಡೆಯಿಂದ ಈಗಲೇ ಬರೆದು ಕಳಿಸಿದೆ. ಕನ್ನಡ ಪುಟ ಮಾಡಿದವರು ಯಾರು ಎಂದು ಕೇಳಿದರು. ನಿನ್ನ ಕೆಲಸ ಹೋಗಬಹುದು ತಮ್ಮಾ, ಅದು ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ.